ಸಂಪಾದಕರ ಉತ್ತರ: ದೇವರ ರುಜು ಹಾಕುವವರು

ಓದುಗರೊಬ್ಬರ ಪತ್ರದ ಸಾರ ಇಷ್ಟು: "ನಮ್ಮ ಮನೆಗಳ ಮಕ್ಕಳು ಮಾತು ಮಾತಿಗೂ 'ಓ ಮೈ ಗಾಡ್' ಅನ್ನುತ್ತಾರೆ. ಮೊಬೈಲಿನಲ್ಲಿ ಅದನ್ನೇ ಮೂರಕ್ಷರಕ್ಕೆ ಇಳಿಸಿ ಕಳಿಸುತ್ತಾರೆ. ಲೋಟದ ನೀರು ಚೆಲ್ಲಿದರೂ 'ಜೀಸಸ್!' ಎಂದು ಚೀರುತ್ತಾರೆ. ಹತ್ತು ಆಜ್ಞೆಗಳಲ್ಲಿ ಅಷ್ಟು ಖಂಡಿತವಾಗಿ ಹೇಳಿದ್ದರೂ ಸಭೆಯಲ್ಲಿ ಯಾರೂ ಎಚ್ಚರಿಸುತ್ತಿಲ್ಲ. ನೀವಾದರೂ ನಾಲ್ಕು ಮಾತು ಬರೆಯಬಾರದೇ?"

ಬರೆಯೋಣ. ಆದರೆ ನೀವು ಬಯಸಿದ ನಾಲ್ಕು ಮಾತು ಇವಲ್ಲ, ಮೊದಲೇ ಹೇಳಿಬಿಡುತ್ತೇನೆ.

ನಿಮ್ಮ ಕಳವಳ ನ್ಯಾಯವಾದದ್ದೇ. ಎದೆಗೆ ಏಟು ಬಿದ್ದಾಗ 'ದೇವರೇ' ಎಂದು ಹೊರಡುವ ಕೂಗು ಪ್ರಾರ್ಥನೆ. ನೀರು ಚೆಲ್ಲಿದ್ದಕ್ಕೂ ಅದೇ ಹೆಸರು ಬಂದರೆ ಅದು ಬಾಯಿಚಟ. ಬಾಯಿಚಟ ಗದರಿದರೆ ಹೋಗುವುದಿಲ್ಲ, ಆ ಜಾಗಕ್ಕೆ ಇನ್ನೊಂದು ಮಾತು ಕೊಡಬೇಕು. 'ಅಬ್ಬಾ', 'ಛೆ', 'ಅಯ್ಯಯ್ಯೋ' ಎಲ್ಲ ಇವೆ, ಕನ್ನಡದಲ್ಲಿ ಉದ್ಗಾರಕ್ಕೆ ಬರಗಾಲವಿಲ್ಲ. ('ಅಬ್ಬಾ' ಎಂಬುದೂ ಯೇಸು ತಂದೆಯನ್ನು ಕರೆದ ಮಾತೇ ಎಂದು ಯಾರಾದರೂ ತಕರಾರು ತೆಗೆದರೆ ಅವರನ್ನು ನನ್ನ ಬಳಿ ಕಳಿಸಿ.) ಮಕ್ಕಳ ವಿಷಯ ಇಲ್ಲಿಗೆ ಸಾಕು.

ಇನ್ನು ದೊಡ್ಡವರು. ವಿಮೋಚನಕಾಂಡ 20:7ರ ಆಜ್ಞೆ ಕಥೋಲಿಕರಿಗೂ ಲೂಥರನ್ನರಿಗೂ ಎರಡನೆಯದು, ಉಳಿದ ಪ್ರೊಟೆಸ್ಟೆಂಟರಿಗೆ ಮೂರನೆಯದು. ಜಗಳ ಎಣಿಕೆಯದು ಮಾತ್ರ. ನಮ್ಮ ಹಳೆಯ ಕನ್ನಡ ಬೈಬಲು ಅಲ್ಲಿ ದೇವರ ಹೆಸರನ್ನು ಅಯೋಗ್ಯಕಾರ್ಯಕ್ಕೆ 'ಎತ್ತಬಾರದು' ಎನ್ನುತ್ತದೆ. ಬಹಳ ಒಳ್ಳೆಯ ಆಯ್ಕೆ. ನಮಗೆ ಹೆಸರೆತ್ತುವುದೆಂದರೆ ಬಾಯಲ್ಲಿ ಹೇಳುವುದು. ಹೀಬ್ರೂವಿನ 'ನಾಸಾ' ಎಂಬ ಕ್ರಿಯಾಪದಕ್ಕೆ ಎತ್ತುವುದು, ಹೊರುವುದು ಎಂದರ್ಥ. ಮಹಾಯಾಜಕ ಆರೋನನು ಇಸ್ರಾಯೇಲಿನ 12 ಕುಲಗಳ ಹೆಸರುಗಳನ್ನು ಎದೆಪದಕದ ಮೇಲೆ ಹೊತ್ತುಕೊಂಡು ಪವಿತ್ರಸ್ಥಾನಕ್ಕೆ ಹೋಗಬೇಕೆನ್ನುವಲ್ಲಿಯೂ (28:29) ಇದೇ ಕ್ರಿಯಾಪದವಿದೆ. ಇನ್ನೊಂದು ಪದ 'ಶಾವ್', ಅಂದರೆ ಪೊಳ್ಳು, ಸುಳ್ಳು. ಧರ್ಮೋಪದೇಶಕಾಂಡ 5:20ರಲ್ಲಿ ಸುಳ್ಳುಸಾಕ್ಷಿಯನ್ನು ನಿಷೇಧಿಸುವಾಗ ಮತ್ತೆ ಅದೇ ಪದ ಬರುತ್ತದೆ. ಹಾಗಾದರೆ ಆಜ್ಞೆ ಮೊದಲು ಹಿಡಿಯುವುದು ನಾಲಗೆ ಜಾರಿದವನನ್ನಲ್ಲ, ಪೊಳ್ಳು ಸರಕಿನ ಮೇಲೆ ದೇವರ ಮೊಹರು ಒತ್ತಿದವನನ್ನು.

'ಯೆಹೋವ' ಎಂಬ ಹೆಸರು ಹೇಳುವುದೇ ತಪ್ಪಾಗಿದ್ದರೆ ಹೀಬ್ರೂ ಶಾಸ್ತ್ರದಲ್ಲಿ ಅದು 6,800ಕ್ಕೂ ಹೆಚ್ಚು ಸಲ ಬರುತ್ತಿರಲಿಲ್ಲ. ಬೋವಜನು ಹೊಲದಲ್ಲಿ ಕೊಯ್ಲಿನವರಿಗೆ ನಮಸ್ಕಾರ ಹೇಳಿದ್ದೇ ಆ ಹೆಸರಿನಿಂದ, ಅವರು ಮರಳಿ ಹರಸಿದ್ದೂ ಅದರಿಂದಲೇ (ರೂತ್ 2:4). ಮುಂದೆ ಭಕ್ತಿಯಿಂದ ಯೆಹೂದ್ಯರು ಅದನ್ನು ಉಚ್ಚರಿಸದೆ 'ಅದೋನಾಯ್', ಅಂದರೆ ಒಡೆಯ, ಎಂದು ಓದತೊಡಗಿದರು. 2008ರಲ್ಲಿ ವ್ಯಾಟಿಕನ್ ಕೂಡ ಆರಾಧನೆಯಲ್ಲಿ ಅದನ್ನು ಉಚ್ಚರಿಸಬಾರದೆಂದು ಸೂಚಿಸಿತು. ಆ ಭಯಭಕ್ತಿಗೆ ಕೈಮುಗಿಯುತ್ತೇನೆ. ಆದರೆ ಬಾಯಿ ಕಟ್ಟಿದರೂ ರುಜು ಹಾಕುವ ಕೈ ನಿಲ್ಲುವುದಿಲ್ಲ. ತಂದೆತಾಯಿಗೆ ಸಲ್ಲಬೇಕಾದದ್ದನ್ನು 'ಕೊರ್ಬಾನ್', ದೇವರಿಗೆ ಮೀಸಲು, ಎಂದು ಘೋಷಿಸಿ ಕೈತೊಳೆದುಕೊಂಡವರನ್ನು ಯೇಸು ತರಾಟೆಗೆ ತೆಗೆದುಕೊಂಡದ್ದು ಮಾರ್ಕ 7ರಲ್ಲಿದೆ.

ಈ ರುಜು ಹೇಗೆ ಬೀಳುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕಿದ್ದರೆ ಆದಿಕಾಂಡ 27 ತೆರೆಯಿರಿ. ಮುದುಕ ಇಸಾಕನಿಗೆ ಕಣ್ಣು ಕಾಣದು. ಉಂಡು ಆಶೀರ್ವದಿಸುತ್ತೇನೆಂದು ಅವನು ಹೇಳಿದ್ದಕ್ಕೆ, ಬೇಟೆಯ ಮಾಂಸ ತರಲು ಹಿರಿಯ ಮಗ ಏಸಾವ ಕಾಡಿಗೆ ಹೋಗಿದ್ದಾನೆ. ಇತ್ತ ತಾಯಿ ರೆಬೆಕ್ಕಳು ಆ ಆಶೀರ್ವಾದ ಕಿರಿಯವನಿಗೆ ಸಿಗಲೆಂದು ಹಿಂಡಿನಿಂದ ಎರಡು ಆಡುಮರಿ ತರಿಸಿ, ಅಡಿಗೆ ಮಾಡಿ, ಯಾಕೋಬನಿಗೆ ಅಣ್ಣನ ಬಟ್ಟೆ ತೊಡಿಸಿ, ಮೈತುಂಬ ರೋಮವಿದ್ದ ಅಣ್ಣನಂತೆ ತೋರಲು ಕೈಗೂ ಕೊರಳಿಗೂ ಆಡಿನ ತೊಗಲು ಸುತ್ತಿ ಕಳಿಸುತ್ತಾಳೆ. ಎಲ್ಲಕ್ಕೂ ಸಿದ್ಧತೆಯಿದೆ, ಒಂದು ಪ್ರಶ್ನೆಗೆ ಮಾತ್ರ ಇಲ್ಲ: ಇಷ್ಟು ಬೇಗ ಹೇಗೆ ಸಿಕ್ಕಿತು ಮಗನೇ? ಯಾಕೋಬ ಏನನ್ನುತ್ತಾನೆ? ನಿನ್ನ ದೇವರಾದ ಯೆಹೋವನು ಅದನ್ನು ನನ್ನೆದುರಿಗೆ ಬರಮಾಡಿದನು. ಉತ್ತರವಿಲ್ಲದ ಜಾಗದಲ್ಲೇ ಹೆಸರು ಬಂತು, ಗಮನಿಸಿ. ತೊಗಲು ಮುಚ್ಚಲಾರದ್ದನ್ನು ಹೆಸರಿನಿಂದ ಮುಚ್ಚಿದ. ಈ ಮಾತಿನಲ್ಲಿ ಬೈಗುಳವಿಲ್ಲ, ಒರಟಿಲ್ಲ. ಸಾಕ್ಷಿಕೂಟದಲ್ಲಿ ಹೇಳಿದ್ದರೆ ನಾವೆಲ್ಲ ಆಮೆನ್ ಅನ್ನುತ್ತಿದ್ದೆವು.

ಈಗ ನಮ್ಮ ನಡುವೆ ಕಿವಿಗೊಡಿ. 'ನೀನೇ ನನ್ನ ಹೆಂಡತಿಯೆಂದು ಕರ್ತನು ತೋರಿಸಿದ್ದಾನೆ' ಎನ್ನುವವನಿಗೆ ಆ ಹುಡುಗಿ ಒಲ್ಲೆ ಎನ್ನಬೇಕಾದರೆ ದೇವರಿಗೇ ಒಲ್ಲೆ ಎಂದ ಹಾಗೆ. 'ಈ ಕಟ್ಟಡ ದೇವರ ದರ್ಶನ' ಎಂದಮೇಲೆ ಸಮಿತಿಯಲ್ಲಿ ಲೆಕ್ಕ ಕೇಳಿದವನು ಅವಿಶ್ವಾಸಿ. 'ಕರ್ತನ ಚಿತ್ತವಾದರೆ' ಎನ್ನಿ ಎಂದು ಹೊಸ ಒಡಂಬಡಿಕೆಯ ಯಾಕೋಬನ ಪತ್ರವೇ (4:15; ಈ ಯಾಕೋಬ ಬೇರೆ) ಕಲಿಸುತ್ತದೆ, ನಿಜ. ಅದು ನಾಳೆಯ ಬಗ್ಗೆ ಜಂಬ ಪಡುವವನಿಗೆ ಹೇಳಿದ್ದು, ಸಾಲದ ಗಡುವು ಜಾರಿಸುವವನಿಗಲ್ಲ. 'ನಿಮಗಾಗಿ ಪ್ರಾರ್ಥಿಸುತ್ತೇವೆ' ಎಂಬುದಂತೂ 'ನಮ್ಮಿಂದ ಆಗದು, ಹೋಗಿಬನ್ನಿ' ಎಂಬುದಕ್ಕೆ ಮರ್ಯಾದೆಯ ಹೆಸರಾಗಿದೆ. ಪತ್ರಿಕೆಗಳ ಪಾಡೂ ಇದೇ: ಪವಿತ್ರಾತ್ಮನು ಬರೆಯಿಸಿದ ಕವಿತೆಯ ಕಾಗುಣಿತ ತಿದ್ದಲು ಯಾವ ಸಂಪಾದಕನಿಗೆ ಧೈರ್ಯವಿದೆ?

ಇಂಥ ಮಾತು ಕೇಳಿದಾಗ ಮಾಡಬೇಕಾದದ್ದು ಕಷ್ಟವೇನಲ್ಲ. ಆ ವಾಕ್ಯದಿಂದ ದೇವರ ಹೆಸರು ತೆಗೆದು ಮತ್ತೊಮ್ಮೆ ಹೇಳಿ ನೋಡಿ. 'ನಿನ್ನನ್ನು ಮದುವೆಯಾಗಲು ನನಗೆ ಆಸೆ', 'ನಮಗೆ ದೊಡ್ಡ ಕಟ್ಟಡ ಬೇಕು'. ಹೆಸರು ತೆಗೆದಮೇಲೂ ಮಾತು ಗಟ್ಟಿಯಾಗಿ ನಿಂತರೆ ಆ ಹೆಸರು ಮೊದಲೇ ಬೇಕಿರಲಿಲ್ಲ, ಮಾತು ಕುಸಿದರೆ ಹೆಸರು ಊರುಗೋಲಾಗಿತ್ತು. ಆಮೇಲೆ ಇದರಿಂದ ಲಾಭ ಯಾರಿಗೆಂದು ಕೇಳಿ. ಪ್ರವಾದನೆಯಲ್ಲಿ ತಿಂಗಳು, ವರ್ಷ ಇದ್ದರೆ ಆ ದಿನವೇ ತಾರೀಖು ಸಹಿತ ಬರೆದಿಡಿ. ನೆರವೇರದ ಮಾತು ಯೆಹೋವನದಲ್ಲವೆಂದು ಧರ್ಮೋಪದೇಶಕಾಂಡ 18:22 ಹೇಳುತ್ತದೆ. ಬರೆದಿಡದಿದ್ದರೆ ಗಡುವು ಕಳೆದ ಮೇಲೆ ಮಾತು ತಾನೇ ಬದಲಾಗುತ್ತದೆ. ಇಬ್ಬರು ಮೂವರು ಪ್ರವಾದಿಸಲಿ, ಉಳಿದವರು ವಿವೇಚಿಸಲಿ ಎಂದು ಪೌಲನು ಕೊರಿಂಥದವರಿಗೆ ಬರೆದದ್ದೂ (1 ಕೊರಿಂಥ 14:29) ಇದಕ್ಕೇ. ವಿವೇಚಿಸುವ ಆ ಅರ್ಧವನ್ನು ನಾವು ಮರೆತು ಕುಳಿತಿದ್ದೇವೆ.

ಎಲ್ಲಕ್ಕಿಂತ ಮುಖ್ಯವಾಗಿ, ಸಮಯ ಕೇಳಿ. ಯೆರೆಮೀಯ 42ರಲ್ಲಿ ಜನರು ಪ್ರವಾದಿಯ ಬಳಿ ಬಂದು, ನಾವು ಹೋಗಬೇಕಾದ ದಾರಿ ಯಾವುದು, ದೇವರನ್ನು ಕೇಳಿ ಹೇಳು ಎಂದರು. ಅವನು ಕೂತಲ್ಲೇ ಕಣ್ಣುಮುಚ್ಚಿ 'ಕರ್ತನು ಹೇಳುತ್ತಿದ್ದಾನೆ' ಎನ್ನಲಿಲ್ಲ. ಉತ್ತರ ಬಂದದ್ದು 10 ದಿನ ಕಳೆದ ಮೇಲೆ. ಬಂದದ್ದನ್ನು ಹೇಳಿದಾಗ, ಯೆಹೋವನನ್ನೇ ಸಾಕ್ಷಿಗೆ ಕರೆದು ಏನೇ ಹೇಳಿದರೂ ಅದರಂತೆ ನಡೆಯುತ್ತೇವೆಂದು ಆಣೆಯಿಟ್ಟಿದ್ದ ಅದೇ ಜನ, ನೀನು ಹೇಳುವುದು ಸುಳ್ಳು ಎಂದರು. ಅದಕ್ಕೂ ಮೊದಲು ಸುಳ್ಳುಪ್ರವಾದಿ ಹನನ್ಯನು ಎರಡೇ ವರ್ಷದಲ್ಲಿ ಬಾಬಿಲೋನಿನಿಂದ ಬಿಡುಗಡೆ ಎಂದು ಸಾರಿ, ದಾಸ್ಯದ ಗುರುತಾಗಿ ಯೆರೆಮೀಯ ಕೊರಳಲ್ಲಿ ಹೊತ್ತಿದ್ದ ನೊಗ ಮುರಿದುಹಾಕಿದಾಗಲೂ ಯೆರೆಮೀಯ ಮರುಮಾತಾಡದೆ ಹೊರಟುಹೋಗಿದ್ದ (28:11). ಹನನ್ಯನ ಬಳಿ ಉತ್ತರ ಸದಾ ಸಿದ್ಧವಿತ್ತು.

ಪ್ರಾರ್ಥನೆಯ ಬಗ್ಗೆಯೂ ಒಂದು ಮಾತು. ಎರಡು ಪದಕ್ಕೊಂದು 'ಕರ್ತನೇ' ಸೇರಿಸುವುದು ಭಕ್ತಿಯೆಂದು ಅನೇಕರು ತಿಳಿದಿದ್ದಾರೆ. ಮುಂದಿನ ಮಾತು ತೋಚದಾಗ 'ಮತ್ತೆ... ಅದೇ...' ಅನ್ನುತ್ತೇವಲ್ಲ, ಇದೂ ಅದೇ. 23ನೆಯ ಕೀರ್ತನೆಯಲ್ಲಿ ಯೆಹೋವ ಎಂಬ ಹೆಸರು ಬರುವುದು ಎರಡೇ ಸಲ, ಮೊದಲ ವಚನದಲ್ಲಿ ಮತ್ತು ಕೊನೆಯದರಲ್ಲಿ. ಮಾತು ನಿಂತಲ್ಲಿ ಸುಮ್ಮನಿರುವುದನ್ನು ಅಭ್ಯಾಸ ಮಾಡಿ, ಒಂದೆರಡು ವಾರದಲ್ಲಿ ಆ ಚಟ ಬಿಡುತ್ತದೆ.

ದೇವದೂಷಣೆಯೆಂದು ಕೂಗೆಬ್ಬಿಸಲು ಕಾದು ಕುಳಿತವರಿಗೆ 1 ಅರಸುಗಳು 21 ಓದಿಸಬೇಕು. ನಾಬೋತನ ದ್ರಾಕ್ಷೆತೋಟ ಅರಸನಿಗೆ ಬೇಕಿತ್ತು. ರಾಣಿ ಈಜೆಬೆಲಳು ಮಾಡಿಸಿದ್ದೇನು? ಊರಿಗೆಲ್ಲ ಉಪವಾಸ ಸಾರಿಸಿ, ಇಬ್ಬರು ಪೋಕರಿಗಳಿಂದ ಇವನು ದೇವರನ್ನೂ ಅರಸನನ್ನೂ ದೂಷಿಸಿದನೆಂದು ಸಾಕ್ಷಿ ಹೇಳಿಸಿದಳು. ಅವನನ್ನು ಕಲ್ಲೆಸೆದು ಕೊಂದರು, ತೋಟ ಕೈಸೇರಿತು. ಅಲ್ಲಿ ದೇವರ ಹೆಸರನ್ನು ಕೆಡಿಸಿದವನು ನಾಬೋತನಲ್ಲ. ಉಪವಾಸವಿದ್ದವರಲ್ಲಿ ಒಬ್ಬರಿಗೂ ಇದು ಹೊಳೆದಂತಿಲ್ಲ.

ಇನ್ನು ನಿಮ್ಮ ಪತ್ರ. ಬರವಣಿಗೆ ಚೆನ್ನಾಗಿದೆ, ಸಿಟ್ಟೂ ಹದವಾಗಿದೆ, ಮತ್ತೆ ಬರೆಯಿರಿ. ಕೊನೆಯಲ್ಲಿ 'ಇದನ್ನು ಬರೆಯಲು ಕರ್ತನೇ ನನ್ನನ್ನು ಪ್ರೇರೇಪಿಸಿದನು, ಆದ್ದರಿಂದ ತಪ್ಪದೆ ಪ್ರಕಟಿಸಬೇಕು' ಎಂಬ ಸಾಲೊಂದಿತ್ತು. ಅದೊಂದನ್ನು ಬಿಟ್ಟು ಉಳಿದದ್ದರ ಸಾರವನ್ನು ಮೇಲೆ ಅಚ್ಚು ಹಾಕಿದ್ದೇನೆ.