ನಿಮ್ಮ ಲೇಖನ ಶುರುವಾಗಬೇಕಾದದ್ದು 641ರಿಂದ

ಪ್ರಿಯ ಲೇಖಕರೇ,

4294967297 ಎಂಬ ಸಂಖ್ಯೆಯ ಗುಣಗಳ ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೆ ಇದನ್ನು ಕೈಬಿಡಬೇಡಿ ಎಂದು ಹೇಳುವುದಕ್ಕಾಗಿಯೇ ಇಷ್ಟು ಉದ್ದದ ಉತ್ತರ ಬರೆಯುತ್ತಿದ್ದೇನೆ.

ಅಂಕಿಗಳ ಮೊತ್ತ 59, ಅದೂ ಅವಿಭಾಜ್ಯ, 9 ಮೂರು ಬಾರಿ ಬರುತ್ತದೆ ಎಂದು ಎರಡು ಪುಟ ತುಂಬಿಸಿದ್ದೀರಿ. ಲೆಕ್ಕವೇನೋ ಸರಿಯಾಗಿದೆ. ಆದರೆ ಇವು ಆ ಸಂಖ್ಯೆಯ ಗುಣಗಳಲ್ಲ, ನಾವು ಅದನ್ನು ದಶಮಾನದಲ್ಲಿ ಬರೆಯುವುದರಿಂದ ಬಂದವು. ದ್ವಿಮಾನದಲ್ಲಿ ಬರೆದು ನೋಡಿ: ಒಂದು 1, ಆಮೇಲೆ 31 ಸೊನ್ನೆ, ಕೊನೆಗೆ ಮತ್ತೊಂದು 1. ನಿಮ್ಮ 59 ಅಲ್ಲಿ 2 ಆಗುತ್ತದೆ. ಹೇಗೆ ಬರೆದರೂ ಬದಲಾಗದೆ ಉಳಿಯುವುದು ಅದರ ಅಪವರ್ತನ: 641 × 6700417. ಅದನ್ನೇ ನೀವು ಕೊನೆಯಲ್ಲಿ ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ನಿಜಕ್ಕೂ ಬೇಸರವಾದದ್ದು ಅಲ್ಲಿ.

ಒಂದು ತಪ್ಪನ್ನೂ ತಿದ್ದಬೇಕು. ಈ ಸಂಖ್ಯೆ ಅವಿಭಾಜ್ಯವೆಂದು ಫ್ರೆಂಚ್ ಗಣಿತಜ್ಞ ಫರ್ಮಾ ಸಾಧಿಸಿದ್ದರು ಎಂದಿದ್ದೀರಿ. ಇಲ್ಲ. 2ರ 1, 2, 4, 8, 16ನೆಯ ಘಾತಗಳಿಗೆ ಒಂದು ಸೇರಿಸಿದರೆ ಸಿಗುವ 3, 5, 17, 257, 65537 ಅವಿಭಾಜ್ಯಗಳು. 32ನೆಯ ಘಾತಕ್ಕೆ ಒಂದು ಸೇರಿಸಿದಾಗ ಸಿಗುವ ನಿಮ್ಮ ಸಂಖ್ಯೆಯೂ ಮುಂದಿನವೂ ಹಾಗೆಯೇ ಇರುತ್ತವೆಂದು 1640ರಲ್ಲಿ ಅವರು ನಂಬಿದ್ದರು, ಅಷ್ಟೆ. 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ ನಿಮ್ಮ ಸಂಖ್ಯೆ 641ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ ಎಂದು ತೋರಿಸಿದರು.

ಈ 641 ಎಲ್ಲಿಂದ ಬಂತು? ನಿಮ್ಮ ಓದುಗರು ಕೇಳುವುದು ಇದನ್ನೇ. 2, 3, 5 ಎಂದು ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತ ಹೋದರೆ ಅದು 116ನೆಯದು. ಆದರೆ ಅಷ್ಟು ದೂರ ನಡೆಯಬೇಕಿಲ್ಲ. ಈ ಸಂಖ್ಯೆಯನ್ನು ಭಾಗಿಸುವ ಯಾವ ಅವಿಭಾಜ್ಯವನ್ನೇ ತೆಗೆದುಕೊಳ್ಳಿ, ಅದರಿಂದ 2ರ ಘಾತಗಳನ್ನು ಭಾಗಿಸುತ್ತ ಬಂದರೆ ಶೇಷ ಮೊದಲ ಬಾರಿಗೆ 1 ಆಗುವುದು 64ನೆಯ ಘಾತದಲ್ಲಿ. ಹಾಗಾಗಿ ಆ ಅವಿಭಾಜ್ಯದಲ್ಲಿ ಒಂದು ಕಳೆದರೆ 64ರ ಅಪವರ್ತ್ಯ ಸಿಗಲೇಬೇಕು. ಈ ಜರಡಿ ಹಿಡಿದರೆ ಮೊದಲಿಗೆ ಉಳಿಯುವ ಅವಿಭಾಜ್ಯಗಳು 193, 257, 449, 577, 641. ಐದನೆಯ ಪ್ರಯತ್ನಕ್ಕೇ ಸಿಕ್ಕಿತು! ‘ಹಾಗಾಗಿ’ ಎಂಬ ಆ ಹೆಜ್ಜೆಗೆ ಆಧಾರವಾದ ಪ್ರಮೇಯ (ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆ ಇರುವ ಘಾತದಲ್ಲಿಯೂ ಶೇಷ 1 ಆಗಲೇಬೇಕು ಎನ್ನುವುದು) ಯಾರದು ಗೊತ್ತೇ? ಫರ್ಮಾ ಅವರದೇ, ಅದೂ 1640ರದ್ದು. ಅವರ ಊಹೆಯನ್ನು ಕೆಡವುವ ಉಪಕರಣ ಅವರ ಕೈಯಲ್ಲಿಯೇ ಇತ್ತು. ಇಂಥ ಕಥೆ ಕೈಗೆ ಸಿಕ್ಕಿರುವಾಗ 59ರ ಬಗ್ಗೆ ಯಾಕೆ ಬರೆಯುತ್ತೀರಿ?

ಇನ್ನೊಂದು ವಿಷಯ. 641 ಎಂದರೆ 5 × 128 + 1, ಹಾಗೆಯೇ 625 + 16. ಈ ಎರಡನ್ನು ಜೋಡಿಸಿದರೆ ದೊಡ್ಡ ಭಾಗಾಕಾರ ಮಾಡದೆಯೇ ಫಲಿತಾಂಶ ಸಿದ್ಧವಾಗುತ್ತದೆ. ಅದನ್ನು ನೀವೇ ಕಾಗದದ ಮೇಲೆ ಮಾಡಿ, ಹತ್ತನೆಯ ತರಗತಿಯ ಹುಡುಗಿಗೆ ಅರ್ಥವಾಗುವಂತೆ ಬರೆಯಿರಿ. ‘ಅದ್ಭುತ’ ಎಂಬ ವಿಶೇಷಣಗಳನ್ನೆಲ್ಲ ತೆಗೆಯಿರಿ.

ಹೊಸ ಕರಡನ್ನು ನೇರವಾಗಿ ನನಗೇ ಕಳುಹಿಸಿ.

ವಿಶ್ವಾಸದಿಂದ,
ಸಂಪಾದಕ