ಥಂಡರ್‌ಬರ್ಡ್ ಇನ್‌ಬಾಕ್ಸ್ 6 ಜಿಬಿ ಆಗಿದೆ. ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸುವ ಮುಂಚೆ ಎಂಬಾಕ್ಸ್ ಬಿಟ್ಟು ಮೇಲ್‌ಡಿರ್‌ಗೆ ಹೋಗಲಾ?

ಥಂಡರ್‌ಬರ್ಡ್ ಅನ್ನುವ ಮೇಲ್ ಪ್ರೋಗ್ರಾಂ ಕಂಪ್ಯೂಟರ್‌ನಲ್ಲಿ ಮೇಲ್ ಇಡುವ ಎರಡು ವಿಧಾನ ಇವು. ಎಂಬಾಕ್ಸಾ ಮೇಲ್‌ಡಿರಾ ಅನ್ನೋದು ಆಮೇಲೆ ನೋಡೋಣ. ಫಾರ್ಮ್ಯಾಟ್ ಮಾಡಲು ಬರುವ ಹುಡುಗನಿಗೆ ಮೊದಲು ಫೋನ್ ಮಾಡಿ, ಇವತ್ತು ಬರಬೇಡ ಅನ್ನಿ.

2016ರಲ್ಲಿ ನಾನು ದಾವಣಗೆರೆಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ನಮ್ಮ ಕಡೆ ಮೆಕ್ಕೆಜೋಳ ಜಾಸ್ತಿ. ಲಾರಿಗಟ್ಟಲೆ ಮಾಲು ಕೋಳಿ ಆಹಾರ ತಯಾರಿಸುವವರಿಗೆ ಹೋಗುತ್ತಿತ್ತು. ರೇಟು ಫೋನಿನಲ್ಲೇ ಮುಗಿಯುತ್ತಿತ್ತು. ಆದರೆ ತೇವಾಂಶ ಎಷ್ಟು ದಾಟಿದರೆ ಎಷ್ಟು ಕಡಿತ, ದುಡ್ಡು ಎಷ್ಟು ದಿನಕ್ಕೆ, ಇದೆಲ್ಲ ಮೇಲ್‌ನಲ್ಲಿ ಬರುತ್ತಿತ್ತು. ಸರ್ವರ್‌ನಲ್ಲಿ ಜಾಗ ಕಡಿಮೆ ಇತ್ತು. ಅದಕ್ಕೆ ಪಾಪ್ (ಸರ್ವರ್‌ನಿಂದ ಮೇಲ್ ಕಂಪ್ಯೂಟರ್‌ಗೆ ಇಳಿಸಿಕೊಳ್ಳುವ ವಿಧಾನ) ಹಾಕಿ, ಮೇಲ್ ಇಳಿದ ತಕ್ಷಣ ಸರ್ವರ್‌ನಿಂದ ಅಳಿಸುವ ಹಾಗೆ ಮಾಡಿದ್ದೆ. ಅಂದರೆ ಐದು ವರ್ಷದ ಮೇಲ್ ಇದ್ದದ್ದು ಆ ಒಂದು ಕಂಪ್ಯೂಟರ್‌ನಲ್ಲಿ ಮಾತ್ರ.

ದೀಪಾವಳಿ ಹತ್ತಿರ ಬಂತು. ಕಂಪ್ಯೂಟರ್ ತುಂಬಾ ನಿಧಾನ ಆಗಿತ್ತು. ಅಂಗಡಿ ಪೂಜೆಗೆ ಮುಂಚೆ ಫಾರ್ಮ್ಯಾಟ್ ಮಾಡಿಸಿಬಿಡು ಅಂದರು ಸಾಹುಕಾರರು. ನಾನು 16 ಜಿಬಿ ಪೆನ್‌ಡ್ರೈವ್ ತಂದು, ಥಂಡರ್‌ಬರ್ಡ್ ತನ್ನ ಮೇಲ್, ಸೆಟ್ಟಿಂಗ್ ಎಲ್ಲ ಇಡುವ ಪ್ರೊಫೈಲ್ ಫೋಲ್ಡರ್ ತೆಗೆದೆ.

ಇಲ್ಲಿಂದ ಸ್ವಲ್ಪ ನಿಧಾನವಾಗಿ ಓದಿ. ಮೇಲ್ ಫೋಲ್ಡರ್ ಒಳಗೆ ಇನ್‌ಬಾಕ್ಸ್ ಹೆಸರಿನವು ಮೂರು ಇದ್ದವು. ಒಂದು ಬರೀ 'ಇನ್‌ಬಾಕ್ಸ್', ಅದಕ್ಕೆ ಎಕ್ಸ್‌ಟೆನ್ಶನ್ನೇ ಇಲ್ಲ, 5 ಜಿಬಿ. ಇನ್ನೊಂದು 'ಇನ್‌ಬಾಕ್ಸ್ ಡಾಟ್ ಎಂಎಸ್‌ಎಫ್', ಕೆಲವೇ ಎಂಬಿ. ಮೂರನೆಯದು 'ಇನ್‌ಬಾಕ್ಸ್ ಡಾಟ್ ಎಸ್‌ಬಿಡಿ' ಅನ್ನುವ ಫೋಲ್ಡರ್. ದೊಡ್ಡದನ್ನು ಕಾಪಿ ಮಾಡಲು ಹೋದೆ. ಪೆನ್‌ಡ್ರೈವ್‌ನಲ್ಲಿ ಜಾಗ ಇದ್ದರೂ ಫೈಲ್ ತುಂಬಾ ದೊಡ್ಡದು ಅಂತ ವಿಂಡೋಸ್ ಬೇಡ ಅಂತು. ಪೆನ್‌ಡ್ರೈವ್ ಫ್ಯಾಟ್32 ಅನ್ನುವ, ಫೈಲ್ ಇಡುವ ಹಳೇ ವ್ಯವಸ್ಥೆಯಲ್ಲಿತ್ತು. ಅದರಲ್ಲಿ ಎಷ್ಟೇ ಜಾಗ ಖಾಲಿ ಇರಲಿ, 4 ಜಿಬಿ ಅಥವಾ ಅದಕ್ಕಿಂತ ದೊಡ್ಡ ಒಂದೇ ಫೈಲ್ ಕೂರುವುದಿಲ್ಲ. ನನಗೆ ಆಗ ಅದು ಗೊತ್ತಿರಲಿಲ್ಲ. ಎಕ್ಸ್‌ಟೆನ್ಶನ್ ಇಲ್ಲದ ಫೈಲ್ ಯಾವುದೋ ಹಳೇ ಕಸ, ಎಂಎಸ್‌ಎಫ್ ಅಂತ ಹೆಸರಿರುವುದೇ ನಿಜವಾದ ಮೇಲ್ ಅಂದುಕೊಂಡೆ. ಎಂಎಸ್‌ಎಫ್‌ಗಳನ್ನೆಲ್ಲ ಕಾಪಿ ಮಾಡಿಕೊಂಡೆ. ಎಸ್‌ಬಿಡಿ ಒಳಗೆ ಒಂದೊಂದು ಪಾರ್ಟಿಗೆ ಒಂದೊಂದು ಸಬ್‌ಫೋಲ್ಡರ್ ಮಾಡಿದ್ದೆ. ಅಲ್ಲೂ ಎಂಎಸ್‌ಎಫ್ ಮಾತ್ರ ಆರಿಸಿಕೊಂಡೆ. ಸಂಜೆಯೊಳಗೆ ಫಾರ್ಮ್ಯಾಟ್ ಆಯಿತು.

ನಿಜ ಅದಕ್ಕೆ ಪೂರ್ತಿ ಉಲ್ಟಾ. ಎಕ್ಸ್‌ಟೆನ್ಶನ್ ಇಲ್ಲದ ಆ ಫೈಲೇ ಎಂಬಾಕ್ಸ್. ಎಲ್ಲ ಮೇಲ್ ಒಂದರ ಕೆಳಗೊಂದು ಅದರಲ್ಲೇ ಅಂಟಿಕೊಂಡಿರುತ್ತವೆ, ಅಟ್ಯಾಚ್‌ಮೆಂಟ್ ಸಮೇತ. ಒಂದೊಂದು ಮೇಲ್ 'ಫ್ರಂ' ಅಂತ ಶುರುವಾಗುವ ಸಾಲಿನಿಂದ ಆರಂಭ. ಎಂಎಸ್‌ಎಫ್ ಬರೀ ಸೂಚಿ: ಯಾರು ಕಳಿಸಿದ್ದು, ಏನು ವಿಷಯ, ಯಾವ ದಿನ, ಎಂಬಾಕ್ಸ್‌ನಲ್ಲಿ ಎಲ್ಲಿದೆ, ಅಷ್ಟೇ. ಸೂಚಿ ಹೋದರೆ ಥಂಡರ್‌ಬರ್ಡ್ ಎಂಬಾಕ್ಸ್ ಓದಿ ಹೊಸದು ಕಟ್ಟಿಕೊಳ್ಳುತ್ತದೆ. ಎಂಬಾಕ್ಸ್ ಹೋದರೆ ಸೂಚಿಯಿಂದ ಒಂದು ಮೇಲ್ ಕೂಡ ವಾಪಸ್ ಬರುವುದಿಲ್ಲ.

ಥಂಡರ್‌ಬರ್ಡ್ ಮತ್ತೆ ಹಾಕಿ ತೆರೆದಾಗ ಎಲ್ಲ ಖಾಲಿ. ಪೆನ್‌ಡ್ರೈವ್‌ನ ಎಂಎಸ್‌ಎಫ್ ಅನ್ನು ನೋಟ್‌ಪ್ಯಾಡ್‌ನಲ್ಲಿ ತೆಗೆದೆ. ವಿಚಿತ್ರ ಅಕ್ಷರಗಳ ಮಧ್ಯೆ ವಿಷಯದ ಸಾಲುಗಳು ಕಾಣುತ್ತಿದ್ದವು. 'ತೇವಾಂಶ ಕಡಿತ ಒಪ್ಪಿಗೆ' ಅನ್ನುವ ಅರ್ಥದ ಇಂಗ್ಲಿಷ್ ಸಾಲೂ ಇತ್ತು. ಅದರ ಒಳಗಿನ ಮಾತು ಮಾತ್ರ ಇಲ್ಲ. ಮುಂದಿನ ತಿಂಗಳೇ ಒಬ್ಬ ಖರೀದಿದಾರರು ಮೂರು ಲಾರಿಗೆ ಜಾಸ್ತಿ ಕಡಿತ ಹಾಕಿದರು. ಒಪ್ಪಿದ್ದು ಅಷ್ಟಲ್ಲ ಅಂತ ನನಗೆ ಗೊತ್ತು, ತೋರಿಸಲು ಕೈಯಲ್ಲಿ ಏನೂ ಇಲ್ಲ. ಸಾಹುಕಾರರು ಒಂದು ಮಾತೂ ಬೈಯಲಿಲ್ಲ, ಆ ನಷ್ಟ ತಾವೇ ಹೊತ್ತರು. ಇವತ್ತಿಗೂ ನನಗೆ ಅದು ಚುಚ್ಚುತ್ತದೆ. ಬೇರೆ ಪಾರ್ಟಿಯವರಲ್ಲಿ ಕೆಲವರು ಪಾಪ, ತಮ್ಮ ಸೆಂಟ್ ಫೋಲ್ಡರ್ ಹುಡುಕಿ ಹಳೇ ಮೇಲ್ ಮತ್ತೆ ಕಳಿಸಿದರು.

ಈಗ ನಿಮ್ಮ ಪ್ರಶ್ನೆ. ಮೇಲ್‌ಡಿರ್ ಕೆಟ್ಟದ್ದಲ್ಲ. ಒಂದು ಮೇಲ್‌ಗೆ ಒಂದು ಫೈಲ್ ಇರುವುದರಿಂದ ದಿನಾ ಬ್ಯಾಕಪ್ ತೆಗೆಯುವವರಿಗೆ ಅನುಕೂಲ, ಹೊಸದಷ್ಟೇ ಕಾಪಿ ಆದರೆ ಸಾಕು. ಆದರೆ ಥಂಡರ್‌ಬರ್ಡ್ ತಾನಾಗಿ ಬಳಸುವುದು ಎಂಬಾಕ್ಸ್. ಫಾರ್ಮ್ಯಾಟ್‌ನ ಹಿಂದಿನ ದಿನ ಅದನ್ನು ಬದಲಾಯಿಸಲು ಕೂರುವುದು ಬೇಡವೇ ಬೇಡ. ದೊಡ್ಡದಾಗಿದೆ ಅನ್ನುವುದು ಬದಲಾಯಿಸಲು ಕಾರಣವೂ ಅಲ್ಲ. ನೀವು ಡಿಲೀಟ್ ಮಾಡಿದ ಮೇಲ್ ಎಂಬಾಕ್ಸ್‌ನಿಂದ ಹೋಗಿರುವುದಿಲ್ಲ. ಅಳಿಸಿದ್ದು ಅಂತ ಗುರುತು ಬಿದ್ದಿರುತ್ತದೆ, ಅಷ್ಟೇ. ಕಾಂಪ್ಯಾಕ್ಟ್ ಮಾಡಿದಾಗಲೇ ನಿಜವಾಗಿ ಹೋಗುವುದು. ನಿಮ್ಮ 6 ಜಿಬಿಯಲ್ಲಿ ಎಷ್ಟೋ ಭಾಗ ಅದೇ ಇರಬಹುದು. ಆದರೆ ಕಾಂಪ್ಯಾಕ್ಟ್ ಕೂಡ ಬ್ಯಾಕಪ್ ಆದ ಮೇಲೆ. ತಪ್ಪಿ ಅಳಿಸಿದ್ದೇನಾದರೂ ಇದ್ದರೆ ಅದು ಸಿಗುವುದು ಕಾಂಪ್ಯಾಕ್ಟ್‌ಗೆ ಮುಂಚೆ ಮಾತ್ರ.

ಬ್ಯಾಕಪ್ ಅಂದರೆ ಪೂರ್ತಿ ಪ್ರೊಫೈಲ್ ಫೋಲ್ಡರ್. ಯಾವುದು ಬೇಕು, ಯಾವುದು ಬೇಡ ಅಂತ ಆರಿಸಲು ಹೋಗಬೇಡಿ. ಹೆಲ್ಪ್ ಮೆನುವಿನ ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್‌ನಲ್ಲಿ 'ಓಪನ್ ಫೋಲ್ಡರ್' ಒತ್ತಿದರೆ ಅದು ಸಿಗುತ್ತದೆ. ಆಮೇಲೆ ಥಂಡರ್‌ಬರ್ಡ್ ಮುಚ್ಚಿ ಕಾಪಿ ಮಾಡಿ. ಪೆನ್‌ಡ್ರೈವ್ ಫ್ಯಾಟ್32 ಬದಲು ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಆಗಿರಲಿ, ಅವುಗಳಲ್ಲಿ ಆ 4 ಜಿಬಿ ಮಿತಿ ಇಲ್ಲ. ನಿಮ್ಮದು ಐಮ್ಯಾಪ್ ಆದರೆ ಸರ್ವರ್‌ನಲ್ಲೂ ಮೇಲ್ ಇರುತ್ತದೆ, ಆದರೂ 'ಲೋಕಲ್ ಫೋಲ್ಡರ್ಸ್' ಒಳಗೆ ಎಳೆದು ಹಾಕಿದ್ದು ನಿಮ್ಮ ಕಂಪ್ಯೂಟರ್‌ನಲ್ಲಿ ಮಾತ್ರ. ಕಾಪಿಯನ್ನು ಬೇರೆ ಕಂಪ್ಯೂಟರ್‌ನ ಥಂಡರ್‌ಬರ್ಡ್‌ನಲ್ಲಿ ಹಾಕಿ, ಒಂದು ಹಳೇ ಮೇಲ್ ತೆರೆದು ಓದಿ. ಅಟ್ಯಾಚ್‌ಮೆಂಟ್ ಕೂಡ ತೆರೆದು ನೋಡಿ. ಅದಾದ ಮೇಲೆ ಆ ಹುಡುಗನನ್ನು ಕರೆಯಿರಿ.

ಪಾಪ್ ಅಥವಾ ಐಮ್ಯಾಪ್, ಯಾವುದು ಅಂತ ನೀವು ಬರೆದಿಲ್ಲ. ಅದನ್ನೂ, ಮೇಲ್ ಫೋಲ್ಡರ್‌ನಲ್ಲಿರುವ ಫೈಲ್‌ಗಳ ಹೆಸರು ಮತ್ತು ಸೈಜನ್ನೂ ಇಲ್ಲೇ ಕೆಳಗೆ ಹಾಕಿ, ಯಾವುದು ಏನು ಅಂತ ಹೇಳುತ್ತೇನೆ.