ಗುರುಗಳ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ?

ಪ್ರಶ್ನೆ: ನಾನು ಇಳಕಲ್ಲಿನ ನೇಕಾರ, ವಯಸ್ಸು 44. ಹೈಸ್ಕೂಲಿನಲ್ಲಿ ಗಣಿತಕ್ಕೆ ನಾನೇ ಮುಂದು. ‘ನೀ ಎಂಜಿನಿಯರ್ ಆಗಾಂವ’ ಅಂತ ಗಣಿತದ ಸರ್ ಎಲ್ಲರೆದುರು ಹೇಳುತ್ತಿದ್ದರು. ಪರೀಕ್ಷೆ ಫೀ ಕೂಡ ಅವರೇ ಕಟ್ಟಿದ್ದರು. ಪಿಯುಸಿಯಲ್ಲಿದ್ದಾಗ ಅಪ್ಪ ತೀರಿಕೊಂಡರು, ನಾನು ಕುಣಿಮಗ್ಗಕ್ಕೆ ಇಳಿದೆ. ಅಂದಿನಿಂದ ಸರ್‌ಗೆ ಮುಖ ತೋರಿಸಿಲ್ಲ. ಈಗ ನಮ್ಮ ಬ್ಯಾಚಿನವರು ಗುರುವಂದನಾ ಕಾರ್ಯಕ್ರಮ ಇಟ್ಟುಕೊಂಡಿದ್ದಾರೆ. ಡಾಕ್ಟರು, ಇನ್‌ಸ್ಪೆಕ್ಟರು ಆದವರೆಲ್ಲ ಬರುತ್ತಾರೆ. ಮಗ್ಗದಲ್ಲಿ ಎಳೆ ಲೆಕ್ಕ ಹಾಕುವಾಗೆಲ್ಲ ಸರ್ ನೆನಪಾಗುತ್ತಾರೆ, ಆದರೆ ಹೋಗಲು ಕಾಲು ಏಳುತ್ತಿಲ್ಲ.

ಉತ್ತರ: ಹೋಗಿರಿ. ಕಾರ್ಯಕ್ರಮದ ದಿನಕ್ಕೂ ಕಾಯಬೇಡಿ, ಅದಕ್ಕೆ ಮೊದಲೇ ಅವರ ಮನೆಗೆ ಹೋಗಿ.

ಎಳೆ ಲೆಕ್ಕದ ಮಾತನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಅದೇ ದೊಡ್ಡದಾಗಿ ಕಂಡಿತು. ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ಎಳೆ, ಬೇರೆ; ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಲೆಕ್ಕ ತಪ್ಪಿದರೆ ‘ಟೋಪ ತೆನಿ’ ಎನ್ನುವ ಕೆಂಪು-ಬಿಳಿ ವಿನ್ಯಾಸದ ಸೆರಗು ಕೆಟ್ಟಿತು. ಆ ಕೆಲಸಕ್ಕೆ ಬೇಕಾದ ತಾಳ್ಮೆ, ತಪ್ಪಿದ ಜಾಗಕ್ಕೆ ಹಿಂದಿರುಗಿ ಹುಡುಕುವ ಅಭ್ಯಾಸ ನಿಮಗೆ ಅಪ್ಪನಿಂದ ಎಷ್ಟು ಬಂತೋ, ಸರ್ ನಿಂತಿದ್ದ ಆ ಕರಿಹಲಗೆಯ ಮುಂದೆಯೂ ಅಷ್ಟೇ ಬಂದಿದೆ. ಹಾಗಿಲ್ಲದಿದ್ದರೆ ಮಗ್ಗದ ಮುಂದೆ ಅವರು ಯಾಕೆ ನೆನಪಾಗಬೇಕು?

ಹತ್ತನೇ ತರಗತಿ ಗಣಿತದಲ್ಲಿ ಕೊನೆಯ ಉತ್ತರ ತಪ್ಪಿದರೂ ಸರಿಯಾದ ಹಂತಗಳಿಗೆ ಅಂಕ ಕೊಡುತ್ತಾರೆ. ನೀವು ಮಾತ್ರ ನಿಮ್ಮ ಬಾಳಿನ ಕೊನೆಯ ಸಾಲನ್ನಷ್ಟೇ ನೋಡಿ ಸೊನ್ನೆ ಹಾಕಿಕೊಂಡಿದ್ದೀರಿ. ಅಪ್ಪ ಹೋದ ಮೇಲೆ ಮನೆ ಹಿಡಿದು ನಿಲ್ಲಿಸಿದ್ದು ಯಾವ ಲೆಕ್ಕಕ್ಕೂ ಬರಲಿಲ್ಲವೇ?

ಸರ್‌ಗೆ ಬೇಸರವೇ ಆಗುವುದಿಲ್ಲ ಎಂದು ನಾನು ಹೇಳಲಾರೆ. ‘ಓದಬೇಕಿತ್ತಲ್ಲೋ’ ಅಂದಾರು. ಅನ್ನಲಿ. ಆ ಸಂಕಟ ನಿಮ್ಮ ಮೇಲಿನ ಪ್ರೀತಿಯದು. ಅದಕ್ಕಿಂತ ಹೆಚ್ಚಿನ ನೋವು, ಫೀ ಕಟ್ಟಿ ಓದಿಸಿದ ಹುಡುಗ ಇಷ್ಟು ವರ್ಷ ಯಾಕೆ ಬರಲೇ ಇಲ್ಲ ಎಂಬುದು. ಅದನ್ನು ನೀವೊಬ್ಬರೇ ಕಳೆಯಬಲ್ಲಿರಿ.

‘ಏನ್ ಮಾಡಾಕತ್ತೀಯೋ?’ ಎಂದು ಕೇಳಿದರೆ ‘ಮಗ್ಗ ಅದ ರೀ ಸರ್, ಸೀರಿ ನೇಯ್ತೀನಿ’ ಎಂದು ನೇರ ಹೇಳಿಬಿಡಿ. ಫೀ ಕಟ್ಟಿದ್ದನ್ನು ಮರೆತಿಲ್ಲ ಅನ್ನಿ. ಅವರಿಗೇ ಅದು ಮರೆತಿರಬಹುದು, ನೂರಾರು ಮಕ್ಕಳಿಗೆ ಹಾಗೆ ಮಾಡಿದವರು ಲೆಕ್ಕ ಇಡುವುದಿಲ್ಲ. ಸಾಧ್ಯವಾದರೆ ಎಳೆ ಎಣಿಸುವುದು ಹೇಗೆಂದು ಅವರಿಗೆ ವಿವರಿಸಿ. ಗಣಿತದ ಮೇಷ್ಟ್ರಿಗೆ ಅದಕ್ಕಿಂತ ಸಂತೋಷದ ಮಾತು ಇನ್ನೊಂದು ಸಿಗಲಾರದು.

ಶಾಲು, ಹಾರ, ಫಲಕ ವೇದಿಕೆಯ ಮೇಲೆ ಹೇಗೂ ಇರುತ್ತವೆ. ಇಳಿವಯಸ್ಸಿನಲ್ಲಿ ಅಷ್ಟು ಹೊತ್ತು ಶಾಮಿಯಾನದಡಿ ಕುಳಿತವರ ಜೊತೆ ನಾಲ್ಕು ಮಾತಾಡಲೂ ಆಗುವುದಿಲ್ಲ. ಮೊದಲೇ ಮನೆಗೆ ಹೋಗಿರಿ ಎಂದದ್ದು ಅದಕ್ಕೇ. ಒಮ್ಮೆ ಅವರ ಕಾಲು ಮುಟ್ಟಿ ಬಂದಮೇಲೆ ಬ್ಯಾಚಿನ ಡಾಕ್ಟರು, ಇನ್‌ಸ್ಪೆಕ್ಟರುಗಳ ನಡುವೆ ಕೂರಲು ಈಗಿನಷ್ಟು ಅಳುಕು ಇರಲಾರದು.

ಗೆಳೆಯರಿಂದ ಸರ್ ನಂಬರು ತೆಗೆದುಕೊಂಡು ಇವತ್ತೇ ಫೋನ್ ಮಾಡಿ. ಮಧ್ಯಾಹ್ನ ಮಲಗುವ ಹೊತ್ತು ಮಾತ್ರ ಬಿಡಿ.